ಅಪ್‌ಡೇಟ್: ತೂತು ಉಲ್ಟಾ ಕಡೆ ಬಂದಿದ್ದು ಯಾಕೆ ಅಂತ ಗೊತ್ತಾಯ್ತು

ಹೊಸೂರಿನ ನಮ್ಮ ಜಾಬ್‌ವರ್ಕ್ ಶಾಪ್‌ನಲ್ಲಿ ಮಾಡಿದ ಬ್ರಾಕೆಟ್‌ಗಳ ಅಳತೆ ಸರಿ ಇದ್ದರೂ ತೂತು ಮಾತ್ರ ಉಲ್ಟಾ ಕಡೆ ಬಂದಿದೆ ಅಂತ ಕೇಳಿದ್ದೆನಲ್ಲ. ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲಿ (ವಿವರಗಳನ್ನು ಬರೆದಿರುವ ಚೌಕದಲ್ಲಿ) ಕೋನ್ ಚಿಹ್ನೆ ನೋಡಿ ಅಂದವರಿಗೆ ಥ್ಯಾಂಕ್ಸ್. ಅದೇ ಕಾರಣ.

ಪಾರ್ಟ್‌ನ ಬೇರೆ ಬೇರೆ ಕಡೆಯ ನೋಟಗಳನ್ನು ಹಾಳೆಯಲ್ಲಿ ಜೋಡಿಸಲು ಫಸ್ಟ್ ಆಂಗಲ್, ಥರ್ಡ್ ಆಂಗಲ್ ಅಂತ ಎರಡು ಪದ್ಧತಿ ಇವೆ. ಡ್ರಾಯಿಂಗ್ ಅಮೆರಿಕದ ಗ್ರಾಹಕರದ್ದು, ಥರ್ಡ್ ಆಂಗಲ್. ಅದರಲ್ಲಿ ಬಲಗಡೆಯಿಂದ ಕಂಡದ್ದನ್ನು ಬಲಕ್ಕೇ ಬರೆಯುತ್ತಾರೆ. ನಮ್ಮಲ್ಲಿ ರೂಢಿಯಿರುವ ಫಸ್ಟ್ ಆಂಗಲ್‌ನಲ್ಲಿ ಅದು ಎಡಕ್ಕೆ ಹೋಗುತ್ತದೆ. ಶಾಪ್‌ನಲ್ಲಿ ಇದನ್ನು ಫಸ್ಟ್ ಅಂತಲೇ ಓದಿದ್ದರಿಂದ ತೂತು ಉಲ್ಟಾ ಕಡೆ ಬಂತು. ಚಿಹ್ನೆಯಲ್ಲಿ ತುದಿ ಕತ್ತರಿಸಿದ ಒಂದು ಕೋನ್, ಅದರ ಪಕ್ಕ ಒಂದರೊಳಗೊಂದು ಎರಡು ವೃತ್ತ ಇರುತ್ತವೆ. ಕೋನ್‌ನ ಸಣ್ಣ ತುದಿ ವೃತ್ತಗಳ ಕಡೆ ಇದ್ದರೆ ಥರ್ಡ್, ದಪ್ಪ ತುದಿ ಇದ್ದರೆ ಫಸ್ಟ್.

ಶಾಪ್‌ನಲ್ಲಿ ಯಾರಿಗೂ ಕಾಣಲಿಲ್ವಾ ಅಂತ ಕೇಳಬೇಡಿ, ಚಿಹ್ನೆ ಅಲ್ಲಿ ಇರಲೇ ಇಲ್ಲ! ಮಧ್ಯದವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಟೈಟಲ್ ಬ್ಲಾಕೇ ಕಟ್ ಆಗಿತ್ತು. ರಿವಿಷನ್ ನಂಬರ್ (ಡ್ರಾಯಿಂಗ್‌ನ ಎಷ್ಟನೇ ತಿದ್ದುಪಡಿ ಅನ್ನುವುದು), ಮೆಟೀರಿಯಲ್, ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದು) ಎಲ್ಲ ಇರುವುದು ಅಲ್ಲೇ ಅಲ್ವಾ? ಪೂರ್ತಿ ಪಿಡಿಎಫ್ ಬರದೆ ಇನ್ನು ಮೆಷಿನ್‌ಗೆ ಹಾಕಬೇಡಿ ಅಂತ ಮಾಲೀಕರು ಹೇಳಿಬಿಟ್ಟಿದ್ದಾರೆ.

ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಬೇಡ. ಎ3 ಡ್ರಾಯಿಂಗನ್ನು ಎ4 ಹಾಳೆಗೆ ಹೊಂದಿಸಿ ಪ್ರಿಂಟ್ ತೆಗೆದರೆ ಉದ್ದವೆಲ್ಲ ಸುಮಾರು ಶೇ. 71ಕ್ಕೆ ಇಳಿಯುತ್ತದೆ. ಬರೆದಿರುವ ಅಳತೆಯನ್ನೇ ಹಿಡಿಯಬೇಕು.

ಹಾಳಾದ ಪಾರ್ಟ್‌ಗಳ ಖರ್ಚು ಯಾರು ಕೊಡಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ.