ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡದಾಗ ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಎಲ್ಲಿ ಸಿಗತೈತ್ರಿ?

ಎಲ್ಲಾರಿಗೂ ನಮಸ್ಕಾರ್ರೀ. ಗದಗ ಹತ್ರದ ಹಳ್ಳಿ ಸಾಲ್ಯಾಗ ವಿಜ್ಞಾನ ಕಲಸ್ತೀನಿ. ಏಳನೇ ಕ್ಲಾಸಿನ ಹುಡುಗರಿಗೆ ಹಿಮದ ಹರಳಿನ ಚಿತ್ರ ತೋರಿಸಿದ್ದೇ ತಪ್ಪಾತು ನೋಡ್ರಿ! "ಸರ್ರೀ, ಇದು ಆಣೆಕಲ್ಲಲ್ಲೇನ್ರಿ?" ಅಂತ ಒಬ್ಬಾವ, "ರಂಗೋಲಿ ಹಾಕಿದಂಗೈತಿ" ಅಂತ ಒಬ್ಬಾಕಿ.

ಆಣೆಕಲ್ಲು ಹೆಪ್ಪುಗಟ್ಟಿದ ನೀರಹನಿ, ಇದು ಆವಿಯಿಂದ ನೇರ ಬೆಳೆದ ಹರಳು ಅಂದೆ. ನೀರಿನ ಅಣುಗಳು ಆರು ಮೂಲಿಯಾಗಿ ಜೋಡಸ್ಕೊಳ್ತಾವ, ಅದಕ್ಕ ಆರು ತೋಳು. (ಕಾಗದ ಮಡಚಿ ಎಂಟು ತೋಳಿಂದು ಕತ್ತರಿಸ್ತಾರಲ್ಲ, ಅದು ತಪ್ಪು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಸೀನಿ!) ಸೊನ್ನೆಗಿಂತ 5 ಡಿಗ್ರಿ ಕೆಳಗ ಸೂಜಿಯಂಥಾವು, 15 ಡಿಗ್ರಿ ಕೆಳಗ ಕವಲೊಡೆದ ನಕ್ಷತ್ರದಂಥಾವು. ಒಂದೊಂದು ಹರಳೂ ಮೋಡದಾಗ ಬ್ಯಾರೆ ಬ್ಯಾರೆ ದಾರಿ ಹಿಡಿದು ಇಳಿತೈತಿ, ಹಿಂಗಾಗಿ ರೂಪನೂ ಬ್ಯಾರೆ. ಅಮೆರಿಕದ ರೈತ ವಿಲ್ಸನ್ ಬೆಂಟ್ಲಿ 1885ರಾಗ ಶುರು ಮಾಡಿ 5000ಕ್ಕೂ ಹೆಚ್ಚು ಹರಳಿನ ಫೋಟೊ ತೆಗೆದಾನಂತ ಹೇಳಿದ್ದೇ ತಡ, "ನಾವು ಬೆಳಸೇ ಬಿಡೋಣ್ರಿ" ಅಂತ ಹಠ.

ಪ್ಲಾಸ್ಟಿಕ್ ಬಾಟ್ಲಿ, ಒದ್ದಿ ಸ್ಪಂಜು, ಗಾಳದ ನೈಲಾನ್ ದಾರ, ಥರ್ಮಾಕೋಲ್ ಡಬ್ಬಿ ಎಲ್ಲಾ ತಯಾರೈತಿ. ಬಾಟ್ಲಿ ಸುತ್ತ ತುಂಬಾಕ 3–4 ಕೆ.ಜಿ. ಡ್ರೈ ಐಸ್ ಬೇಕು. ಕೇಳಿದ ಕಡೆ, ಇಷ್ಟು ಚಿಲ್ರೆ ಕೊಡಂಗಿಲ್ಲ ಅಂದ್ರು. ಯಾರಿಗರೆ ಗೊತ್ತಿದ್ರ ಹೇಳ್ರಿ. ಡ್ರೈ ಐಸ್ ಗ್ಯಾಸ್ ಬಿಡತೈತಿ, ಅದಕ್ಕ ಬಸ್ಸಿನಾಗ ಬ್ಯಾಡ, ಕಿಡಕಿ ತೆರೆದ ಗಾಡಿ ಮಾಡ್ಕೊಂಡು ಬರ್ತೀನಿ. ಕೈಗವಸು, ಇಕ್ಕಳ ಅದಾವ.

ಲಡಾಖ್, ಕಾಶ್ಮೀರದಾಗ ಇದ್ದು ಬಂದ ಫೌಜಿ ಅಣ್ಣಾರು ಹತ್ರದಿಂದ ತೆಗೆದ ಹಿಮದ ಫೋಟೊ ಇದ್ರ ಇಲ್ಲೇ ಹಾಕ್ರಿ.