ಊರಿನಲ್ಲಿ ಪ್ರಾಣಿ-ಪಕ್ಷಿಗಳ ಬಗ್ಗೆ ಮಾತು ಏರ್ಪಡಿಸಿದವರು ಅನುಭವ ಹೇಳಿ

ಕೇಳಿದವರು, ಮಂಡ್ಯ:
ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಂದು ಸಂಜೆ ವನ್ಯಜೀವಿಗಳ ಬಗ್ಗೆ ಮಾತು ಇಡಬೇಕು ಅಂತಿದ್ದೇವೆ. ಎಲ್ಲರಿಗೂ ಉಚಿತ. ಯಾವ ವಿಷಯ ಇಡಬೇಕು, ಯಾರನ್ನು ಕರೆಸಬೇಕು, ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ಕೇಳುವ ಹಾಗೆ ಮಾಡುವುದು ಹೇಗೆ? ಮಾಡಿಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ:
‘ಪರಿಸರ ಸಂರಕ್ಷಣೆ’ ಅಂತ ವಿಷಯ ಇಡಬೇಡಿ. ಜನ ಮನೆಯಿಂದ ಹೊರಡುವುದೇ ಇಲ್ಲ. ಒಂದು ಸಂಜೆಗೆ ಒಂದೇ ಜೀವಿ ಸಾಕು. ಅದೂ ದಿನಾ ಕಣ್ಣಿಗೆ ಬೀಳುವ ಜೀವಿ ಆದರೆ ಇನ್ನೂ ಒಳ್ಳೆಯದು.

ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಬರುವ ನಾವೊಂದಷ್ಟು ಜನ ಸೇರಿ ಇಂಥ ಸಂಜೆಗಳನ್ನು ನಡೆಸುತ್ತಿದ್ದೇವೆ. ಜಾಸ್ತಿ ಪ್ರಶ್ನೆ ಬಂದದ್ದು ಹುಲಿಗಲ್ಲ, ಬಾಯ್ಕಳಕ ಕೊಕ್ಕರೆಗೆ. ಭತ್ತದ ಗದ್ದೆಯಲ್ಲಿ ತಲೆ ತಗ್ಗಿಸಿ ನಡೆಯುತ್ತಿರುತ್ತದಲ್ಲ, ಅದೇ. ಅದರ ಕೊಕ್ಕು ತುದಿಯಲ್ಲಿ ಮಾತ್ರ ಕೂಡುತ್ತದೆ, ಮಧ್ಯೆ ಸಂದಿ. ಮರಿಗೆ ಈ ಸಂದಿ ಇರುವುದಿಲ್ಲ, ಬೆಳೆಯುತ್ತಾ ಮೂಡುತ್ತದೆ. ಇದರ ಮುಖ್ಯ ಆಹಾರ ಬಸವನಹುಳು. ಮಾತಾಡಲು ಬಂದವರು ಗದ್ದೆ ಬದುವಿನಿಂದ ಖಾಲಿ ಚಿಪ್ಪು ಆರಿಸಿ ತಂದು ಎಲ್ಲರ ಕೈಗೂ ಕೊಟ್ಟರು. ಒಬ್ಬ ಹುಡುಗಿ ಚಿಪ್ಪಿನೊಳಗೆ ಕಿರುಬೆರಳು ತೂರಿಸಿ, “ಒಳಗೆ ಸುತ್ತಿಕೊಂಡಿದೆ, ನೇರ ಕೊಕ್ಕು ಹೇಗೆ ಹೋಗುತ್ತೆ?” ಅಂತ ಕೇಳಿದಳು. ಅವರು ಕೊಕ್ಕಿನ ಫೋಟೊ ದೊಡ್ಡದು ಮಾಡಿ ತೋರಿಸಿದರು. ಕೆಳಗಿನ ಕೊಕ್ಕಿನ ತುದಿ ಕೊಂಚ ಬಲಕ್ಕೆ ತಿರುಗಿತ್ತು. ಆ ತುದಿಯನ್ನೇ ಚಿಪ್ಪಿನ ಬಾಯಿಗೆ ತೂರಿಸಿ, ಒಳಗಿನ ಮಾಂಸವನ್ನು ಎಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಅರ್ಧ ಗಂಟೆ ಸಭೆ ಆ ಮಕ್ಕಳದೇ.

ಮಾತು ಮುಗಿದ ವಾರದೊಳಗೆ ನೋಡಲು ಕರೆದುಕೊಂಡು ಹೋಗಿ. ನಿಮಗೆ ರಂಗನತಿಟ್ಟು ಹತ್ತಿರ. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯ ಮಾಡಿದ್ದಕ್ಕೆ 1940ರಲ್ಲಿ ಅದು ಪಕ್ಷಿಧಾಮ ಆಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು-ನೀರಿನ ತಾಣಗಳ ಪಟ್ಟಿಗೂ ಸೇರಿತು. ಕೊಕ್ಕು ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲೇ ತಿಳಿದು ದೋಣಿ ಹತ್ತಿದ ಮಕ್ಕಳು ಮೊಸಳೆ ಎಲ್ಲಿ ಅಂತ ಮಾತ್ರ ಕೇಳುವುದಿಲ್ಲ, ಹಕ್ಕಿ ಏನು ಮಾಡುತ್ತಿದೆ ಅಂತ ನೋಡುತ್ತಾರೆ.

ಹುಣಸೂರಿನಿಂದ:
ಹುಲಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹುಲಿ ಅಂದರೆ ಬರುವ ಜನ ಬೇರೆ ಯಾವುದಕ್ಕೂ ಬರುವುದಿಲ್ಲ. ಆದರೆ ಸಫಾರಿ ಫೋಟೊ ತೋರಿಸುತ್ತಾ ಕೂರುವವರು ಬೇಡ. ಹುಲಿ ಎಣಿಸುವುದು ಹೇಗೆ ಅಂತ ವಿಷಯ ಇಡಿ. ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು ಮಾಡಿದ ಕೆಲಸವೇ ಒಳ್ಳೆಯ ಆರಂಭ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಹುಲಿಯ ಎಡ ಮಗ್ಗುಲು, ಬಲ ಮಗ್ಗುಲು ಕೂಡ ಬೇರೆ ಬೇರೆ. ಅದಕ್ಕೇ ಕಾಡುದಾರಿಯ ಎರಡೂ ಬದಿ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ. ಕೆಲವು ಚಿತ್ರ ಪ್ರಿಂಟ್ ತೆಗೆಸಿ, ಯಾವ ಎರಡು ಒಂದೇ ಹುಲಿ ಅಂತ ಹುಡುಕಲು ಕೊಡಿ. ತಾತ ಮೊಮ್ಮಕ್ಕಳು ಒಟ್ಟಿಗೆ ತಲೆ ಹಾಕುತ್ತಾರೆ.

ಮಳವಳ್ಳಿಯಿಂದ:
ಕಬ್ಬು ಭತ್ತದ ನಾಡು ನಮ್ಮದು, ಹಾವಿನ ಬಗ್ಗೆ ಒಂದು ಸಂಜೆ ಇಡಲೇಬೇಕು. ಮಳೆ ಹಿಡಿಯುವ ಮುಂಚೆ ಇಡಿ. ಹಾವು ಬಲ್ಲವರ ಜೊತೆ ಒಬ್ಬ ವೈದ್ಯರೂ ಇರಲಿ. ನಮ್ಮೂರಲ್ಲಿ ಎಲ್ಲರೂ ಮೈಯೆಲ್ಲಾ ಕಿವಿಯಾಗಿ ಕೇಳಿದ್ದು ಕಟ್ಟುಹಾವಿನ ವಿಷಯ. ಅದು ಓಡಾಡುವುದು ರಾತ್ರಿ. ಹಲ್ಲು ಚಿಕ್ಕದು, ನೋವು ಊತ ಅಷ್ಟಾಗಿ ಇರುವುದಿಲ್ಲ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದ್ದೇ ಗೊತ್ತಾಗದೆ ಹೋಗಬಹುದು. ಆಮೇಲೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಷ್ಟು ಭಾರ. ಸೊಳ್ಳೆಪರದೆಯ ಅಂಚನ್ನು ಚಾಪೆ ಕೆಳಗೆ ಸಿಕ್ಕಿಸಿ ಮಲಗಿ ಅಂತ ವೈದ್ಯರು ಹೇಳಿದ್ದು ಎಷ್ಟೋ ಮನೆಗಳಲ್ಲಿ ರೂಢಿಯಾಯಿತು.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಕೊಡುವುದು ಒಂದೇ ಪ್ರತಿವಿಷ. ಹಾಗಾಗಿ ಕಚ್ಚಿದ ಹಾವನ್ನು ಹೊಡೆದು ಹೊತ್ತುಕೊಂಡು ಹೋಗಬೇಕಿಲ್ಲ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ನೇರ ಆಸ್ಪತ್ರೆ. ಇಷ್ಟನ್ನು ಪೋಸ್ಟರಿನಲ್ಲೇ ಬರೆಸಿ, ಬರಲಾಗದವರೂ ಓದುತ್ತಾರೆ.

ಜೀವಂತ ಹಾವು ತಂದು ತೋರಿಸುತ್ತೇವೆ ಅನ್ನುವವರು ಸಿಗುತ್ತಾರೆ. ದಯವಿಟ್ಟು ಒಪ್ಪಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಹಾವು ಹಿಡಿಯುವುದೇ ತಪ್ಪು. ಅದೂ ಅಲ್ಲದೆ, ಹೆಡೆ ಹಿಡಿದು ಆಡಿಸುವುದನ್ನು ನೋಡಿದ ಹುಡುಗರು ನಾಳೆ ಅದನ್ನೇ ಮಾಡಲು ಹೊರಡುತ್ತಾರೆ. ಇದು ನನಗೆ ನಿಜವಾಗಿಯೂ ಭಯ ತರುವ ವಿಷಯ.

ಮದ್ದೂರಿನಿಂದ:
ಯಾರನ್ನು ಕರೆಸಬೇಕು ಅಂದಿರಲ್ಲ, ದೂರದ ತಜ್ಞರೇ ಆಗಬೇಕೆಂದೇನೂ ಇಲ್ಲ. ಕೊಕ್ಕರೆ ಬೆಳ್ಳೂರಿನಿಂದ ಒಬ್ಬರನ್ನು ಕರೆಸಿ. ಊರ ಹುಣಸೆಮರಗಳಲ್ಲೇ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಮರಿಗೆ ಮೀನು ತಿನ್ನಿಸಿ ಸಾಕಿ, ಹಾರುವಂತಾದ ಮೇಲೆ ಬಿಟ್ಟವರು ಅಲ್ಲಿನ ಹೆಜ್ಜಾರ್ಲೆ ಬಳಗದ ಹುಡುಗರು. 2007ರಲ್ಲಿ ಊರಿಗೆ ಸಮುದಾಯ ಮೀಸಲು ಪ್ರದೇಶ, ಅಂದರೆ ಊರವರೂ ಸೇರಿ ವನ್ಯಜೀವಿ ಕಾಪಾಡುವ ಜಾಗ, ಅಂತ ಮಾನ್ಯತೆಯೂ ಸಿಕ್ಕಿತು. ಅವರ ಮುಂದೆ ಮೈಕ್ ಇಟ್ಟು ಸುಮ್ನೆ ಮಾತಾಡಿ ಅನ್ನಬೇಡಿ, ಸಂಕೋಚ ಪಡುತ್ತಾರೆ. ಎದುರಿಗೆ ಕುಳಿತು ಒಬ್ಬರು ಪ್ರಶ್ನೆ ಕೇಳುತ್ತಾ ಹೋಗಲಿ. ಹುಣಸೆ ಫಸಲು ಏನಾಗುತ್ತದೆ, ಹಿಕ್ಕೆ ಗೊಬ್ಬರವನ್ನು ಹೊಲಕ್ಕೆ ಹೇಗೆ ಹಾಕುತ್ತಾರೆ, ಮಳೆ ಕೈಕೊಟ್ಟ ವರ್ಷ ಹಕ್ಕಿ ಎಷ್ಟು ಕಡಿಮೆ ಬಂದವು, ಇವನ್ನೆಲ್ಲಾ ಅವರಷ್ಟು ಚೆನ್ನಾಗಿ ಯಾರು ಹೇಳುತ್ತಾರೆ?

ಕೇಳಿದವರು, ಮಂಡ್ಯ:
ಎಲ್ಲರಿಗೂ ತುಂಬಾ ಧನ್ಯವಾದ. ಡಿಸೆಂಬರ್‌ನಲ್ಲಿ ಶುರು ಮಾಡುತ್ತೇವೆ. ಮೊದಲನೆಯದು ಯಾವುದು ಇಡಲಿ?

ಮೈಸೂರಿನಿಂದ:
ಡಿಸೆಂಬರ್ ಆದರೆ ಪಟ್ಟೆತಲೆ ಹೆಬ್ಬಾತು. ಹಿಮಾಲಯ ದಾಟಿ ಬರುತ್ತವೆ, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಾಣುತ್ತವೆ. ಅವುಗಳ ರಕ್ತ ತೆಳುಗಾಳಿಯಲ್ಲೂ ಆಮ್ಲಜನಕ ಚೆನ್ನಾಗಿ ಹಿಡಿಯುತ್ತದೆ. ರಾತ್ರಿ ಹೊಲಗದ್ದೆಯಲ್ಲಿ ಮೇಯ್ದು ಹಗಲು ನೀರಿನಲ್ಲಿ ವಿಶ್ರಾಂತಿ, ಹಾಗಾಗಿ ಬೆಳಿಗ್ಗೆ ಹೋದರೆ ಸಿಗುತ್ತವೆ. ಏರಿ ಮೇಲಿಂದಲೇ ನೋಡಿ, ನೀರಿನ ಅಂಚಿಗೆ ಇಳಿಯಬೇಡಿ. ಕತ್ತಿನಲ್ಲಿ ಬಣ್ಣದ ಪಟ್ಟಿ ಇದ್ದರೆ ಅದರ ಮೇಲಿನ ಅಕ್ಷರ ಬರೆದುಕೊಳ್ಳಿ, ವಲಸೆ ಗುರುತಿಸಲು ಸಂಶೋಧಕರು ಮಂಗೋಲಿಯದಲ್ಲಿ ತೊಡಿಸಿದ್ದು ಇರಬಹುದು. ದುರ್ಬೀನು ಸಾಲದಿದ್ದರೆ ಹೇಳಿ, ನಮ್ಮ ಗುಂಪಿನವು ಕೊಟ್ಟು ಕಳಿಸುತ್ತೇವೆ.