ಪೋಸ್ಟ್‌ಗ್ರೆಸ್ 14: ಹಳೇ ಯೂಸರ್ ಕನೆಕ್ಟ್ ಆಗ್ತಾನೆ, ಹೊಸ ಯೂಸರ್ ಆಗಲ್ಲ, ಯಾಕೆ?

ಪ್ರಶ್ನೆ: ಡೇಟಾಬೇಸನ್ನು ಪೋಸ್ಟ್‌ಗ್ರೆಸ್ 9.6ರಿಂದ 14ಕ್ಕೆ ಅಪ್‌ಗ್ರೇಡ್ ಮಾಡಿದ್ದೇವೆ. ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್‌ನಲ್ಲಿರುವ ಜಾವಾ 8 ಅಪ್ಲಿಕೇಶನ್ನು ಹಳೇ ಯೂಸರ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಹೊಸ ಯೂಸರ್ ಕೊಟ್ಟರೆ ‘ದಿ ಅಥೆಂಟಿಕೇಶನ್ ಟೈಪ್ 10 ಈಸ್ ನಾಟ್ ಸಪೋರ್ಟೆಡ್’ ಅಂತ ಬರುತ್ತೆ. ಯಾರು ಯಾವ ವಿಧಾನದಲ್ಲಿ ಕನೆಕ್ಟ್ ಆಗಬೇಕೆಂದು ಹೇಳುವ ಪಿಜಿ ಎಚ್‌ಬಿಎ ಫೈಲಲ್ಲಿ ಎಂಡಿ5 (ಹಳೇ ಪಾಸ್‌ವರ್ಡ್ ವಿಧಾನ) ಅಂತಲೇ ಇದೆ, ರೀಲೋಡೂ ಮಾಡಿದೆವು. ಅಪ್ಲಿಕೇಶನ್ನನ್ನು ಡೇಟಾಬೇಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ 9.4.1212.

ಉತ್ತರ: ಪಿಜಿ ಎಚ್‌ಬಿಎ ಫೈಲನ್ನು ಮುಟ್ಟಬೇಡಿ ಸರ್, ತಪ್ಪು ಅಲ್ಲಿಲ್ಲ. ಆ ಎರರ್‌ನ ಮುಂದಿನ ಸಾಲು ಅದೇ ಫೈಲನ್ನು ನೋಡಿ ಅನ್ನುವುದರಿಂದ ಎಲ್ಲರೂ ಅಲ್ಲೇ ಹುಡುಕುತ್ತಾರೆ. 10 ಅನ್ನುವುದು ವರ್ಷನ್ ಅಲ್ಲ. ‘ಸ್ಕ್ರ್ಯಾಮ್ ವಿಧಾನದಲ್ಲಿ ಮಾತಾಡು’ ಎಂದು ಸರ್ವರ್ ಕಳಿಸುವ ಸಂಕೇತ. ಎಂಡಿ5ಗೆ ಅದು 5. ಸ್ಕ್ರ್ಯಾಮ್ ಅಂದರೆ ಎಂಡಿ5ಗಿಂತ ಹೊಸದಾದ, ಹೆಚ್ಚು ಸುರಕ್ಷಿತವಾದ ಪಾಸ್‌ವರ್ಡ್ ವಿಧಾನ.

14ರಿಂದ ಹೊಸ ಪಾಸ್‌ವರ್ಡ್‌ಗಳು ಸ್ಕ್ರ್ಯಾಮ್ ರೂಪದಲ್ಲೇ ಸೇವ್ ಆಗುತ್ತವೆ. ಅಪ್‌ಗ್ರೇಡ್ ಆದಾಗ ಬಂದ ಹಳೇ ಪಾಸ್‌ವರ್ಡ್‌ಗಳು ಎಂಡಿ5 ಆಗಿಯೇ ಉಳಿದಿವೆ. ಫೈಲಲ್ಲಿ ಎಂಡಿ5 ಎಂದಿದ್ದರೂ ಸೇವ್ ಆದದ್ದು ಸ್ಕ್ರ್ಯಾಮ್ ಆಗಿದ್ದರೆ ಸರ್ವರ್ ಸ್ಕ್ರ್ಯಾಮನ್ನೇ ಕೇಳುತ್ತೆ. ಪಾಸ್‌ವರ್ಡ್‌ಗಳು ಸೇವ್ ಆಗಿರುವ ಪಿಜಿ ಆಥ್‌ಐಡಿ ಟೇಬಲ್‌ನಲ್ಲಿ ಎರಡೂ ಯೂಸರ್‌ಗಳ ಪಾಸ್‌ವರ್ಡ್ ಕಾಲಂ ತೆಗೆದು ನೋಡಿ: ಒಂದು ‘ಎಂಡಿ5’ ಇಂದ, ಇನ್ನೊಂದು ‘ಸ್ಕ್ರ್ಯಾಮ್-ಎಸ್‌ಎಚ್‌ಎ-256’ ಇಂದ ಶುರುವಾಗಿರುತ್ತೆ.

ಜೆಡಿಬಿಸಿ ಡ್ರೈವರ್‌ಗೆ ಸ್ಕ್ರ್ಯಾಮ್ ಬಂದಿದ್ದು 42.2.0ರಲ್ಲಿ, ಅದೂ ಜಾವಾ 8ರ ಜಾರ್‌ಗೆ (ಡ್ರೈವರ್ ಇರುವ ಫೈಲ್). ನಿಮ್ಮ ಹಳೇ ಡ್ರೈವರ್‌ಗೆ ಅದು ಗೊತ್ತಿಲ್ಲ. ನೀವು 42.7 ಹಾಕಿಕೊಳ್ಳಿ. ಹೆಸರಿನ ಕೊನೆಗೆ ಜೆಆರ್‌ಇ6, ಜೆಆರ್‌ಇ7 ಅಂತಿರುವ ಜಾರ್ ಬೇಡ. ಹಾಕುವ ಮೊದಲು ಟಾಮ್‌ಕ್ಯಾಟ್ ನಿಲ್ಲಿಸಿ, ಅದರ ಲಿಬ್ ಫೋಲ್ಡರ್ ಮತ್ತು ವೆಬ್‌-ಇನ್ಫ್ ಒಳಗಿನ ಲಿಬ್, ಎರಡೂ ಕಡೆ ಹಳೇ ಜಾರ್ ಹುಡುಕಿ ಅಳಿಸಿ. ಬಹಳ ಜನ ಎಡವುವುದು ಇಲ್ಲೇ: ಹೊಸದು ಒಂದು ಕಡೆ, ಹಳೆಯದು ಇನ್ನೊಂದು ಕಡೆ ಉಳಿದು ಎರರ್ ಹಾಗೇ ಇರುತ್ತೆ. ಕನೆಕ್ಷನ್ ಪೂಲನ್ನು (ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಟಾಮ್‌ಕ್ಯಾಟೇ ನೋಡಿಕೊಳ್ಳುತ್ತಿದ್ದರೆ ಹೊಸ ಜಾರ್ ಟಾಮ್‌ಕ್ಯಾಟ್‌ನ ಲಿಬ್‌ನಲ್ಲಿರಲಿ. ಸ್ಟಾರ್ಟ್ ಆದಮೇಲೆ ಗೆಟ್‌ಡ್ರೈವರ್‌ವರ್ಷನ್ ಕರೆದು ಲಾಗ್‌ನಲ್ಲಿ ಪ್ರಿಂಟ್ ಮಾಡಿ. ಜಾರ್‌ನ ಹೆಸರನ್ನು ನಂಬಬೇಡಿ.

ಪ್ರಶ್ನೆ: ಮುಂದಿನ ರಿಲೀಸ್‌ವರೆಗೆ ಡ್ರೈವರ್ ಬದಲಿಸಲು ಅನುಮತಿ ಇಲ್ಲ. ಸದ್ಯಕ್ಕೆ ಏನು ಮಾಡಬಹುದು?

ಉತ್ತರ: ಒಂದು ಸೆಶನ್‌ನಲ್ಲಿ ಪಾಸ್‌ವರ್ಡ್ ಎನ್‌ಕ್ರಿಪ್ಶನ್ ಸೆಟ್ಟಿಂಗನ್ನು ಎಂಡಿ5 ಮಾಡಿ, ಅದೇ ಸೆಶನ್‌ನಲ್ಲಿ ಆ ಯೂಸರ್‌ಗೆ ಮತ್ತೆ ಪಾಸ್‌ವರ್ಡ್ ಕೊಡಿ. ಸೆಟ್ಟಿಂಗ್ ಮಾತ್ರ ಬದಲಿಸಿದರೆ ಈಗಾಗಲೇ ಸೇವ್ ಆದದ್ದು ಬದಲಾಗದು. ಸರ್ವರ್ ಪೂರ್ತಿಗೆ ಎಂಡಿ5 ಮಾಡಲೇಬೇಡಿ; ಪೋಸ್ಟ್‌ಗ್ರೆಸ್ 18ರಲ್ಲಿ ಎಂಡಿ5 ಪಾಸ್‌ವರ್ಡನ್ನು ಕೈಬಿಡುವ ಸಾಲಿಗೆ ಸೇರಿಸಿಯಾಗಿದೆ. ಹೊಸ ಡ್ರೈವರ್ ಬಂದ ದಿನವೇ ಪಾಸ್‌ವರ್ಡನ್ನು ಇನ್ನೊಮ್ಮೆ ಸೆಟ್ ಮಾಡಿ, ಆಗ ಅದು ಸ್ಕ್ರ್ಯಾಮ್ ಆಗಿ ಸೇವ್ ಆಗುತ್ತೆ.

ಇನ್ನೊಬ್ಬರ ಉತ್ತರ: ಅದೇ ಯೂಸರ್‌ನಲ್ಲಿ ಪೈಥಾನ್ ಸ್ಕ್ರಿಪ್ಟ್‌ಗಳೂ ಓಡುತ್ತಿದ್ದರೆ ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕೋಪಿಜಿ2ರ ವರ್ಷನ್ ನೋಡಿ ಸುಮ್ಮನಾಗಬೇಡಿ. ಸ್ಕ್ರ್ಯಾಮ್ ಗೊತ್ತಿರಬೇಕಾದದ್ದು ಅದರ ಕೆಳಗಿರುವ, ಪೋಸ್ಟ್‌ಗ್ರೆಸ್‌ನದೇ ಲೈಬ್ರರಿಯಾದ ಲಿಬ್‌ಪಿಕ್ಯೂಗೆ. ಲಿಬ್‌ಪಿಕ್ಯೂ ವರ್ಷನ್ ಪ್ರಿಂಟ್ ಮಾಡಿದಾಗ 100000 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. 90624 ಥರ ಬಂದರೆ ಅದು 9.6, ಕನೆಕ್ಟ್ ಆಗುವುದಿಲ್ಲ.